ಜಾಮೀನು ಹಂದಿಗಳ ಬಿಡುಗಡೆ ಕುರಿತು

ಇಂದ:
ಕೆಪಾಸ್ ಟಿಂಬಿ, ಹಳ್ಳದಲ್ಲಿ ಚಿನ್ನ ತೊಳೆಯುವವನು,
ಕರುಂಗ ಹಳ್ಳದ ದಂಡೆ, ಪಪುವಾ ನ್ಯೂಗಿನಿಯ ಬೆಟ್ಟಸೀಮೆ.

ಗೆ:
ಮಾನ್ಯ ಗಣಿ ತನಿಖಾಧಿಕಾರಿಗಳು,
ಅಗೆದ ನೆಲ ದುರಸ್ತಿ ವಿಭಾಗ.

ವಿಷಯ: ನೆಲ ಹಾಳಾಗದಿರಲೆಂದು ಇಟ್ಟ ಜಾಮೀನೇ ನೆಲ ಹಾಳುಮಾಡುತ್ತಿರುವ ಬಗ್ಗೆ.

ಉಲ್ಲೇಖ: (ಅ) ತಾವು ಸ್ಥಳ ಪರಿಶೀಲನೆಗೆ ಬಂದು ಕೆಸರಿನಲ್ಲಿ ಒಂದು ಬೂಟು ಬಿಟ್ಟುಹೋದದ್ದು. (ಆ) ಭಾವೀ ಅತ್ತೆಯವರ ಬಾಯಿಮಾತಿನ ಅಂತಿಮ ನೋಟೀಸು.

ಮಾನ್ಯರೇ,

೧. ದಂಡೆ ಅಗೆಯುವವನು ಮೊದಲೇ ಜಾಮೀನು ಇಡಬೇಕು, ಅವನು ಚಿನ್ನ ಗೋರಿಕೊಂಡು ಓಡಿಹೋದರೆ ಅದರಿಂದ ಗುಂಡಿ ಮುಚ್ಚಿಸಬೇಕು ಎಂಬ ನಿಯಮಕ್ಕೆ ಅರ್ಜಿದಾರನ ತಕರಾರಿಲ್ಲ. ಬ್ಯಾಂಕು ಎರಡು ಬೆಟ್ಟದಾಚೆ. ಕೈಯಲ್ಲಿ ಒಂದು ಕಿನಾ ನೋಟೂ ಇಲ್ಲ. ಕಾರಣ, ತಮ್ಮ ಒಪ್ಪಿಗೆಯಂತೆ ಐದು ಹಂದಿಗಳನ್ನು ಕೌನ್ಸಿಲರ್ ಮೊಂಡೊ ಅವರ ದೊಡ್ಡಿಯಲ್ಲಿ ಇಡಲಾಯಿತು. ಗುಂಡಿ ಮುಚ್ಚಿ, ನೆಟ್ಟ ಗಾಳಿಮರದ ಸಸಿ ಎದೆಮಟ್ಟ ಬೆಳೆದರೆ ಹಂದಿ ವಾಪಸು.

೨. ಸದರಿ ಹಂದಿಗಳೇ ಡೆಲ್ಮಾ ಎಂಬ ಕನ್ಯೆಯನ್ನು ಮದುವೆಯಾಗಲು ಹೆಣ್ಣಿನ ಮನೆಗೆ ಕೊಡಬೇಕಾದ ತೆರ. ಬೇರೆ ಹಂದಿ ಇಲ್ಲ. ಬೇರೆ ಕನ್ಯೆ ಬೇಡ.

೩. ಗುಂಡಿ ಮುಚ್ಚಿದ್ದಾಯಿತು, ಸಸಿ ನೆಟ್ಟಿದ್ದಾಯಿತು. ಸಸಿ ಮೊಣಕಾಲು ಮುಟ್ಟುವಷ್ಟರಲ್ಲಿ ಸದರಿ ಜಾಮೀನು ದೊಡ್ಡಿಯ ಬೇಲಿ ಮುರಿದು ಬಂದು, ಎರೆಹುಳಕ್ಕಾಗಿ ಇಡೀ ದಂಡೆಯನ್ನು ಉತ್ತುಹಾಕಿತು. ಅರ್ಜಿದಾರ ಚಿನ್ನಕ್ಕೂ ಅಷ್ಟು ಶ್ರದ್ಧೆಯಿಂದ ಅಗೆದಿರಲಿಲ್ಲ. ಮತ್ತೆ ನೆಟ್ಟ, ಮತ್ತೆ ಬಂದವು.

"ಬೇಲಿ ನಿಮ್ಮದಲ್ವಾ ದೊಡ್ಡಪ್ಪ?" ಎಂದು ಕೇಳಲಾಗಿ ಕೌನ್ಸಿಲರರು, "ಬೇಲಿ ನಂದೇ ಕಣೋ, ಹಸಿವು ಅವುಗಳ್ದು!" ಎಂದು ಆದೇಶಿಸಿದರು.

೪. ತಾವು ಬಂದು ನೋಡಿ, 'ನೆಲ ಅಗೆದಿದೆ, ಜಾಮೀನು ಮರಳಿಸಲಾಗದು' ಎಂದು ಷರಾ ಬರೆದಿರಿ. ಆದ್ದರಿಂದ ನೆಲ ಅಗೆದಿರುವ ಕಾರಣ ಹಂದಿಗಳು ಅಲ್ಲೇ. ಹಂದಿಗಳು ಅಲ್ಲೇ ಇರುವ ಕಾರಣ ನೆಲ ಅಗೆದಿದೆ.

೫. ಈ ನಡುವೆ ಜಾಮೀನು ಮರಿ ಹಾಕಿದೆ. ಬಡ್ಡಿ ಯಾರಿಗೆ ಸೇರಬೇಕೆಂಬ ಬಗ್ಗೆ ನಿಯಮಾವಳಿ ಮೌನವಾಗಿದೆ. ಮರಿಗಳು ಮೌನವಾಗಿಲ್ಲ.

೬. ಭಾವೀ ಅತ್ತೆ ವಾನ್ಪಿಯವರು ಸಂತೆಯ ನಡುವೆ ನಿಂತು, "ಏನಪ್ಪಾ ಚಿನ್ನದ ಧಣಿ! ನಿನ್ನ ಹಂದಿ ಬರೋ ಹೊತ್ಗೆ ನನ್ನ ಮಗಳು ಅಜ್ಜಿ ಆಗಿರ್ತಾಳೆ. ಆಚೆ ಕಣಿವೆ ಲಾರಿ ಡ್ರೈವರು ಹಂದಿ ತುಂಬ್ಕೊಂಡು ಹಾರ್ನ್ ಹೊಡೀತಾ ನಿಂತವ್ನೆ. ಈ ಸಲದ ಗೆಣಸು ಕೀಳೋವರ್ಗೂ ಕಾಯ್ತೀನಿ, ಅಷ್ಟೇ!" ಎಂದು ತಿಳಿಯಪಡಿಸಿದ್ದಾರೆ. ಗೆಣಸಿನ ಬಳ್ಳಿ ಆಗಲೇ ಹಳದಿಯಾಗುತ್ತಿದೆ.

ಆದ್ದರಿಂದ, ಹಂದಿಗಳನ್ನು ಬಿಡುಗಡೆ ಮಾಡಿ, ಸಸಿ ಎದೆಮಟ್ಟ ಬರುವವರೆಗೆ ಅವುಗಳ ಬದಲು ಅರ್ಜಿದಾರನನ್ನೇ ಜಾಮೀನಾಗಿ ದೊಡ್ಡಿಯಲ್ಲಿ ಕಟ್ಟಿಹಾಕಬೇಕಾಗಿ ಪ್ರಾರ್ಥನೆ. ಹಂದಿಗಳಿಗೆ ಕೊಡುವ ಗೆಣಸೇ ಸಾಕು. ಅರ್ಜಿದಾರ ಎರೆಹುಳ ತಿನ್ನುವುದಿಲ್ಲ. ಮದುವೆಯ ದಿನ ಮಾತ್ರ ಅರ್ಧ ದಿನ ರಜೆ.

ಹಂದಿಗಳಿಗಿಂತ ಹೆಚ್ಚು ನಂಬಬಹುದಾದ,
ತಮ್ಮ ವಿಶ್ವಾಸಿ,
ಕೆಪಾಸ್ ಟಿಂಬಿ

ಲಗತ್ತುಗಳು:
ಅ) ಹಲ್ಲಿನ ಗುರುತುಳ್ಳ ಸಸಿ, ಒಂದು.
ಆ) ತಮ್ಮ ಬೂಟು, ಎಡಗಾಲಿನದು. ಪತ್ತೆಹಚ್ಚಿದ್ದು ಜಾಮೀನು.
ಇ) ಕನ್ಯೆಯ ಒಪ್ಪಿಗೆ ಪತ್ರ. ಪೂರ್ಣಪಾಠ: "ಸಾರ್, ಹಂದಿಗಳ ಹಗ್ಗ ನಮ್ಮಮ್ಮನ ಕೈಗೆ ಕೊಡಿ. ಇವನ ಹಗ್ಗ ನನ್ನ ಕೈಗೆ ಕೊಡಿ. — ಡೆಲ್ಮಾ."