ಮಾವನಿಗೆ ಮೋಡ ತೋರಿಸಿದ ಕಾರು

ಕಾರು ಆರಿಸುವ ವಿದ್ಯೆ ಬಲ್ಲವನು ನಮ್ಮ ವಾಲೂಕಾ ಊರಿನಲ್ಲಿ ನಾನೊಬ್ಬನೇ ಎಂದು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೆ. ಉಳಿದವರೆಲ್ಲ ಕಾರನ್ನು ಕಲ್ಲಂಗಡಿ ಕೊಂಡ ಹಾಗೆ ಕೊಳ್ಳುತ್ತಾರೆ. ಎರಡು ಸಲ ತಟ್ಟುವುದು, ಬಣ್ಣ ನೋಡುವುದು, ಮನೆಗೆ ತರುವುದು. ಇಂಥವರ ನಡುವೆ ನಲವತ್ತು ವರ್ಷ ಬಾಳಿದ್ದೇನೆ. ನನ್ನ ಸಹನೆಯನ್ನು ಯಾರೂ ಮೆಚ್ಚಿಲ್ಲ.

ಈ ಚಳಿಗಾಲ ನಮ್ಮ ಹಳೇ ಕಾರು ಗುಜರಿಗೆ ಹೋಯಿತು. ಆರಾಮವಾದ, ನಂಬಿಕಸ್ತ, ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಹೊಸದೊಂದು ಬೇಕಾಗಿತ್ತು. ಅದೂ ಶನಿವಾರದೊಳಗೆ. ಕಾರಣ ನನ್ನ ಮಾವ ಕ್ಲಾರಿ. ಎಂಬತ್ತನಾಲ್ಕು ವರ್ಷ, ಸೊಂಟ ಕೈಕೊಟ್ಟಿದೆ. ನಮ್ಮಲ್ಲಿ ಶನಿವಾರದ ಫುಟ್‌ಬಾಲನ್ನು ಮೈದಾನದ ಬೇಲಿಗೆ ಕಾರಿನ ಮೂತಿ ತಾಗಿಸಿ, ಒಳಗೇ ಬೆಚ್ಚಗೆ ಕೂತು ನೋಡುವುದು. ಎತ್ತರದ ಕಂಬಗಳ ನಡುವೆ ಚೆಂಡು ಹಾಯ್ದು ಗೋಲಾದರೆ ಚಪ್ಪಾಳೆಯಿಲ್ಲ, ಹಾರನ್. ನನ್ನ ಮಗಳು ಬ್ರೈಡಿ ಆ ವಾರ ಊರಿನ ಹೆಂಗಸರ ತಂಡಕ್ಕೆ ಮೊದಲ ಸಲ ಆಡುವವಳಿದ್ದಳು. ಮೊಮ್ಮಗಳ ಮೊದಲ ಗೋಲಿಗೆ ತಾನೇ ಹಾರನ್ ಒತ್ತಬೇಕು ಎಂಬುದೊಂದೇ ಮುದುಕನ ಆಸೆ.

"ಅಪ್ಪನ್ನ ಒಂದ್ಸಲ ಕರ್ಕೊಂಡು ಹೋಗಿ ಕೂರಿಸಿ ನೋಡು," ಎಂದಳು ಹೆಂಡತಿ ಗ್ವೆಂಡಾ.

"ಕಾರು ಆರಿಸೋಕೆ ಬೇಕಾಗಿರೋದು ಬುದ್ಧಿ. ಸೊಂಟ ಅಲ್ಲ."

"ಕೂರೋದು ಬುದ್ಧಿ ಮೇಲಲ್ಲವಲ್ಲ ಮಾರಾಯ."

ಬುದ್ಧಿಯೊಂದನ್ನೇ ಜೊತೆಗಿಟ್ಟುಕೊಂಡು ಷೋರೂಮಿಗೆ ಹೋದೆ. ಕೆಸರಲ್ಲಿ ಹೇಗೆ, ಏರಿನಲ್ಲಿ ಹೇಗೆ, ನೆಲದಿಂದ ಎಷ್ಟೆತ್ತರ ಎಂದು ಒಂದು ಗಂಟೆ ಪಾಟೀಸವಾಲು ಹಾಕಿದೆ. ಅಲ್ಲಿನವನು ಬೆವರೊರೆಸಿಕೊಂಡು, "ಅದೆಲ್ಲ ಸರಿ, ಕೂರೋರು ಯಾರು?" ಎಂದು ಕೇಳಿದ. ಸೋಫಾ ಮಾರುವವನು ಕೇಳುವ ಪ್ರಶ್ನೆ ಅದು. ಅವನ ಅಂಗಡಿಯಲ್ಲಿದ್ದುದರಲ್ಲೇ ಅತಿ ಎತ್ತರದ ಗಾಡಿಯನ್ನು ಆರಿಸಿಕೊಂಡು ಬಂದೆ.

ಶನಿವಾರ ಮಾವನನ್ನು ಅದರೊಳಗೆ ಏರಿಸಲು ಒಂದು ಹಾಲಿನ ಕ್ರೇಟು, ಗ್ವೆಂಡಾಳ ಭುಜ ಮತ್ತು ನನ್ನ ಮೊಣಕಾಲು ಬೇಕಾದವು.

"ಇದು ಕಾರೋ, ಅಟ್ಟವೋ?" ಎಂದ ಮಾವ.

"ಎತ್ತರ ಇದ್ರೆ ಚೆನ್ನಾಗಿ ಕಾಣುತ್ತೆ ಮಾವ."

ಮೈದಾನದಲ್ಲಿ ಗೆಳೆಯ ಐವರ್ ಗೋಲುಕಂಬದ ಹಿಂದೆ, ಬೇಲಿಯ ಪಕ್ಕ ನಮಗಾಗಿ ಸಮತಟ್ಟಾದ ಜಾಗ ಹಿಡಿದಿಟ್ಟಿದ್ದ. ಅವನದು ಇಪ್ಪತ್ತು ವರ್ಷದ ಹಳದಿ ಡಬ್ಬಿ. ಅದರ ಪಕ್ಕ ನನ್ನ ಗಾಡಿ ನಿಲ್ಲಿಸುವುದೇ? ವಾರವೆಲ್ಲ ಮಳೆ ಬಿದ್ದು ಅಲ್ಲೇ ಹಿಂದಿದ್ದ ಮಣ್ಣಿನ ದಿಬ್ಬ ಬೆಣ್ಣೆಯಾಗಿತ್ತು. ಅತ್ತ ಯಾರೂ ಸುಳಿದಿರಲಿಲ್ಲ. ನಾನು ಹತ್ತಿಸಿದೆ. ನಾಲ್ಕೂ ಚಕ್ರ ಒಂದೇ ಮನಸ್ಸಿನಿಂದ ದುಡಿದವು. ಮುಂದಿನ ಚಕ್ರಗಳು ದಿಬ್ಬದ ನೆತ್ತಿಗೇರಿದವು, ಹಿಂದಿನವು ಇಳಿಜಾರಿನಲ್ಲೇ ಉಳಿದವು. ಅಷ್ಟರಲ್ಲಿ ನಮ್ಮ ಹಿಂದೆ ದಿಬ್ಬದ ಬುಡದಲ್ಲಿ ಪಿಕಪ್‌ಗಳು ಸಾಲಾಗಿ ಬಂದು ನಿಂತವು. ಆಟ ಮುಗಿದ ಸೈರನ್ ಕೂಗುವವರೆಗೆ ಗಾಡಿ ಕದಲಿಸಬಾರದೆಂಬುದು ನಮ್ಮೂರಿನ ಕಟ್ಟಳೆ.

ಸ್ವಲ್ಪ ಹೊತ್ತಿನ ಮೇಲೆ ಮಾವ ಕೇಳಿದ, "ಕಾಲಿನ್, ಆಟ ಶುರುವಾಯ್ತಾ?"

"ಆಗಲೇ ಆಯ್ತಲ್ಲ ಮಾವ."

"ಮೋಡದ ಮೇಲೆ ಆಡ್ತಿದ್ದಾರಾ?"

ನಾನೂ ಬಗ್ಗಿ ನೋಡಿದೆ. ಬಾನೆಟ್ಟು ಆಕಾಶಕ್ಕೆ ಮುಖ ಮಾಡಿತ್ತು. ಅದರಾಚೆ ಗೋಲುಕಂಬಗಳ ತುದಿ, ಒಂದು ಸೀಗಲ್ ಹಕ್ಕಿ. ಆಟಗಾರ್ತಿಯರು ಒಬ್ಬರೂ ಇಲ್ಲ.

"ಚೆಂಡು ಮೇಲೆ ಬಂದಾಗ ಕಾಣುತ್ತೆ ಮಾವ."

"ಹಕ್ಕಿ ನೋಡೋಕೆ ಮನೆ ಕಿಟಕಿ ಸಾಕಿತ್ತಲ್ಲಪ್ಪ."

ಗ್ವೆಂಡಾ ಇಳಿದು ಹೋಗಿ, ಮಾಂಸದ ಪೈ ಮಾರುತ್ತಿದ್ದ ಇಬ್ಬರು ಗಟ್ಟಿಮುಟ್ಟು ಹೆಂಗಸರನ್ನು ಕರೆತಂದಳು. ಮೂವರೂ ಸೇರಿ ಮಾವನನ್ನು ಇಳಿಸಿ, ಪೈ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬಳಸುದಾರಿಯಲ್ಲಿ ಐವರ್‌ನ ಹಳದಿ ಡಬ್ಬಿಗೆ ಸಾಗಿಸಿದರು. ಮುದುಕ ಅದರ ಸ್ಟೀರಿಂಗಿನ ಮುಂದೆ ಚಪ್ಪಲಿಗೆ ಪಾದ ತೂರಿದ ಹಾಗೆ ಸಲೀಸಾಗಿ ಸೇರಿಕೊಂಡ. ನಾನು ಇಳಿಯಲಿಲ್ಲ. ಇಳಿದರೆ ಸೋಲು ಒಪ್ಪಿಕೊಂಡಂತೆ. ಬಿಸಿ ಸೀಟಿನ ಮೇಲೆ ಒಬ್ಬನೇ ಕೂತು ಹಕ್ಕಿ ನೋಡಿದೆ.

ಆಟದ ಕೊನೆಯ ಕಾಲುಭಾಗದಲ್ಲಿ ಚೆಂಡು ಬಾನೆಟ್ಟಿನ ಮೇಲೆ ಎದ್ದು, ಕಂಬಗಳ ನಡುವೆ ಹಾಯ್ದು ಮರೆಯಾಯಿತು. ಮರುಕ್ಷಣ ಹಾರನ್. ಮೊದಲು ಕೀರಲು ದನಿಯದು ಒಂದೇ ಒಂದು, ಉದ್ದಕ್ಕೆ, ಕೈ ತೆಗೆಯದೆ. ಆಮೇಲೆ ಊರೆಲ್ಲ. ಗೋಲು ಹೊಡೆದವಳು ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಬಾಗಿಲು ತೆಗೆದು ಹಾರಿದೆ. ಕಾರಿಗೆ ನೆಲ ಕಚ್ಚುವ ಚಕ್ರ ನಾಲ್ಕಿದ್ದವು, ನನ್ನ ಅಂಡಿಗೆ ಒಂದೂ ಇರಲಿಲ್ಲ. ದಿಬ್ಬದ ನೆತ್ತಿಯಿಂದ ಜಾರಿದವನು ನಿಂತದ್ದು ಬೇಲಿಯ ಬುಡದಲ್ಲಿ, ಹಳದಿ ಡಬ್ಬಿಯ ಪಕ್ಕ. ಬ್ರೈಡಿ ಓಡಿ ಬಂದವಳು ಬೇಲಿ ಹಾರಿ, ನನ್ನನ್ನು ದಾಟಿಕೊಂಡು ಹೋಗಿ, ಕಿಟಕಿಯೊಳಗೆ ಬಗ್ಗಿ ಅಜ್ಜನ ಕೈ ಹಿಡಿದುಕೊಂಡಳು. ಮುದುಕನ ಕಣ್ಣು ತುಂಬಿತ್ತು. ಇನ್ನೊಂದು ಕೈ ಇನ್ನೂ ಹಾರನ್ ಮೇಲೇ ಇತ್ತು.

ಅವಳು ಆಟಕ್ಕೆ ಮರಳಿದ ಮೇಲೆ ಮಾವ ನನ್ನತ್ತ ತಿರುಗಿ, ಮೃದುವಾಗಿಯೇ ಹೇಳಿದ, "ಮುಂದಿನ ವಾರ ನೀನೂ ಐವರ್ ಕಾರಲ್ಲೇ ಬಾರಪ್ಪ. ಹಿಂದಿನ ಸೀಟು ಖಾಲಿ ಇದೆ."

ಐವರ್ ಕೆಸರು ಮೆತ್ತಿದ ನನ್ನ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದ.

"ಬರಲಿ ಬಿಡಿ," ಎಂದ. "ಪೇಪರ್ ಹಾಸ್ತೀನಿ."