ನಮ್ಮ ಹಲ್ಲು

ಬೆಳಗಿನ ಜಾವ ಕೆಳಗಿನ ದವಡೆಯಲ್ಲಿ ನೋವು ಎದ್ದಾಗ, ಇದನ್ನು ಯಾರಿಗೂ ಹೇಳಬಾರದು ಎಂದು ಬೈಂಡರ್ ತೀರ್ಮಾನಿಸಿದ. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಅವನಿಗೆ ತನ್ನದೆನ್ನುವುದು ಏನೂ ಇರಲಿಲ್ಲ. ತೊಟ್ಟ ಅಂಗಿ ಅಣ್ಣನದು, ಕೆಲಸ ದೊಡ್ಡಪ್ಪ ಕೊಡಿಸಿದ್ದು, ಹೆಂಡತಿ ಅತ್ತಿಗೆ ಆರಿಸಿದ್ದು. ಛತ್ರಿ ತಗೊಂಡು ಹೋಗು ಎಂದರೆ ಬಿಟ್ಟು ಹೋಗಿ ನೆನೆದು ಬರುವುದು, ಅವನ ಸ್ವಾತಂತ್ರ್ಯ ಅಷ್ಟೇ. ಈ ನೋವಾದರೂ ಸ್ವಂತದ್ದಿರಲಿ ಅಂದುಕೊಂಡ.

ಕೆನ್ನೆ ಗುಟ್ಟು ಬಿಟ್ಟುಕೊಟ್ಟಿತು. ತಿಂಡಿ ಹೊತ್ತಿಗೆ ಅದು ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿತ್ತು.

"ನಮಗೆ ಹಲ್ಲುನೋವು ಬಂದಿದೆ," ಎಂದು ದೊಡ್ಡಪ್ಪ ಮನೆಗೆಲ್ಲ ಸಾರಿದರು.

ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದು ಬಾಯೊಳಗೆ ಟಾರ್ಚ್ ಬಿಟ್ಟ. "ಮೇಲೂ ಹುಳುಕು, ಕೆಳಗೂ ಹುಳುಕು. ನೋಯ್ತಿರೋದು ಯಾವುದು?"

"ಅವರನ್ನೇ ಕೇಳಿ ಮಾವ," ಅಂದಳು ಹೆಂಡತಿ.

"ಅವನಿಗೇನಮ್ಮ ಗೊತ್ತು?" ಎಂದು ದೊಡ್ಡಪ್ಪ ಬೈಂಡರನನ್ನು ಉಪ್ಪುನೀರು ಮುಕ್ಕಳಿಸಲು ಬಚ್ಚಲಿಗೆ ಅಟ್ಟಿದರು. ಅಲ್ಲಿಗೆ ಹೊರಗಿನ ಗುಸುಗುಸು ಕೇಳಿಸುತ್ತಿತ್ತು. ಅವನು ಬಂದೊಡನೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು.

"ಕೆಳಗಿನದೇ," ಅಂದರು ದೊಡ್ಡಪ್ಪ.

"ಕೆಳಗಿನದೇ, ಅನುಮಾನವೇ ಬೇಡ," ಅಂದಳು ಅತ್ತಿಗೆ. ಟೈಲರೂ ತಲೆಯಾಡಿಸಿದ.

ಬೈಂಡರ್ ಕುಸಿದುಹೋದ. ನೋಯುತ್ತಿದ್ದದ್ದು ಕೆಳಗಿನದೇ. ಉಳಿದಿದ್ದ ಒಂದು ಆಸ್ತಿಯೂ ಕೈತಪ್ಪಿತ್ತು.

ಹಲ್ಲಿನ ಆಸ್ಪತ್ರೆಯ ಬೆಂಚು ಇವರ ಮನೆಯವರಿಗೇ ಸಾಲಲಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರಮ್ಮ, "ಪೇಷಂಟ್ ಯಾರು?" ಎಂದಾಗ ಟೈಲರ್ ಸಮೇತ ಎಲ್ಲರೂ ಎದ್ದು ನಿಂತರು.

"ಅಲ್ಲ, ಹಲ್ಲು ಯಾರದು?"

"ನಮ್ಮದು," ಅಂದರು ದೊಡ್ಡಪ್ಪ.

ಆಕೆ ಬೈಂಡರನೊಬ್ಬನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಬಾಯಿ ನೋಡಿ ನಿಟ್ಟುಸಿರಿಟ್ಟಳು. "ಎರಡೂ ಹುಳುಕು. ಒಂದನ್ನ ತುಂಬಿ ಉಳಿಸಬಹುದು, ನೋವಿರೋದನ್ನ ಕೀಳಲೇಬೇಕು. ಎಲ್ಲಿ ತಟ್ಟಿದರೂ ಅಯ್ಯೋ ಅಂತೀರಿ, ಎಕ್ಸ್‌ರೇ ಮಿಷನ್ ಬೇರೆ ಕೆಟ್ಟಿದೆ. ಯಾವುದು ಅಂತ ನೀವೇ ಹೇಳಬೇಕು."

"ಮನೇಲಿ ಕೆಳಗಿನದು ಅಂತಾರೆ."

"ಮನೆಯವರದ್ದು ಬಿಡಿ. ಹಲ್ಲು ನಿಮ್ಮದು, ನಿರ್ಧಾರ ನಿಮ್ಮದು. ನೀವೇನಂತೀರಿ?"

ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ಅವನಿಗೆ ಕೇಳಿರಲಿಲ್ಲ. ಕೆಳಗಿನ ಹಲ್ಲು ಪ್ರೆಸ್ಸಿನ ಯಂತ್ರದಂತೆ ಬಡಿಯುತ್ತಿತ್ತು. 'ಕೆಳಗಿನದು' ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಅದನ್ನಂದರೆ, ದೊಡ್ಡಪ್ಪ ತನ್ನ ಬಾಯಲ್ಲಿ ಕೂತು ಮಾತಾಡಿದ ಹಾಗಲ್ಲವೇ? ಡಾಕ್ಟರಮ್ಮ ಏನಂದುಕೊಂಡಾಳು?

ಬೈಂಡರ್ ನೆಟ್ಟಗೆ ಕೂತ. "ಮೇಲಿನದು."

"ಖಂಡಿತಾನಾ?"

"ನನ್ನ ಹಲ್ಲು ನನಗೆ ಗೊತ್ತಿಲ್ವಾ ಮೇಡಂ?"

ಆಕೆಯ ಮುಖ ಅರಳಿತು. ಹಲ್ಲು ಮಾತ್ರ ಬಾಡಿಗೆ ಕೊಡದ ಬಾಡಿಗೆದಾರನಂತೆ ಹಠ ಹಿಡಿದು, ಬೆವರಿಳಿಸಿ, ಕಡೆಗೆ ಹೊರಬಂತು.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬೈಂಡರ್ ತಲೆಯೆತ್ತಿ ಹೊರಗೆ ಬಂದ. ಕೆಳಗಿನದು ಇನ್ನೂ ಬಡಿಯುತ್ತಲೇ ಇತ್ತು. ಬಡಿಯಲಿ. ತಪ್ಪೋ ಸರಿಯೋ, ಇದು ತಾನೇ ಮಾಡಿದ್ದು.

"ಯಾವುದು ಕಿತ್ರಿ?" ಎಂದರು ದೊಡ್ಡಪ್ಪ.

"ಮೇಲಿನದು. ಅವರೇ ನಿರ್ಧಾರ ಮಾಡಿದ್ರು," ಅಂದಳು ಡಾಕ್ಟರಮ್ಮ, ತನಗೇ ಬಹುಮಾನ ಬಂದಂತೆ.

ದೊಡ್ಡಪ್ಪ ಟೈಲರನ ಬೆನ್ನಿಗೊಂದು ಗುದ್ದಿದರು. "ನಾನು ಹೇಳಲಿಲ್ವಾ? ಛತ್ರಿ ತಗೋ ಅಂದ್ರೆ ಬಿಟ್ಟು ಹೋಗೋ ಆಸಾಮಿ ಇವನು. ಮೇಲಿನದನ್ನ ಕೀಳಿಸಬೇಕು ಅಂತ ಬೆಳಿಗ್ಗೇನೇ ಎಲ್ಲರೂ ಸೇರಿ ತೀರ್ಮಾನ ಮಾಡಿದ್ವಿ. ಅದಕ್ಕೇ ಇವನ ಮುಂದೆ ಕೆಳಗಿನದು ಅಂದಿದ್ದು."

ಹೆಂಡತಿ ನೆಲ ನೋಡಿದಳು.

ಡಾಕ್ಟರಮ್ಮನ ನಗು ಮಾಯವಾಯಿತು. ಅವಳು ಬೈಂಡರನ ಹತ್ತಿರ ಬಂದು, ಅವನನ್ನೊಬ್ಬನನ್ನೇ ನೋಡುತ್ತ ಕೇಳಿದಳು, "ನೀವು ಹೇಳಿ. ಈಗ ನೋವಿದೆಯಾ?"

ಬೈಂಡರ್ ಬಾಯಿ ತೆರೆದ. ಮಾತಿಗೆ ಮುಂಚೆ ಹತ್ತಿ ಹೊರಗೆ ಇಣುಕಿತು. ದೊಡ್ಡಪ್ಪ ಅದನ್ನು ಅಕ್ಕರೆಯಿಂದ ಒಳಗೆ ತಳ್ಳಿ, ಗಲ್ಲ ಹಿಡಿದು ಅವನ ಬಾಯಿ ಮುಚ್ಚಿದರು.

"ಇಲ್ಲ ಡಾಕ್ಟ್ರೇ," ಅಂದರು. "ನಮಗೀಗ ಆರಾಮ."