ಮೇಲಿನ ಮನೆಯ ಡಾಕ್ಟರನ್ನು ಸೋಲಿಸಿದ ದಿನ

ಕನ್ನಡಕದಂಗಡಿಯವನಿಗೆ ಈ ಗತಿ ಬಂದದ್ದು ಒಂದು ಪ್ಯಾಂಟಿನಿಂದ. ಸೊಂಟದ ಹತ್ತಿರ ಬಿಗಿಯಾಗುತ್ತಿದೆ, ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಕೊಡು ಎಂದು ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಮೇಲಿನ ಮನೆ ಡಾಕ್ಟ್ರು ಮೊನ್ನೆ ತಾನೇ ಪ್ಯಾಂಟು ಬಿಗಿ ಮಾಡಿಸ್ಕೊಂಡು ಬಂದ್ರಂತೆ. ನಿಮ್ದರಲ್ಲಿ ಬಿಡಿಸೋಕೆ ಬಟ್ಟೆನೇ ಉಳಿದಿಲ್ಲ ಕಣ್ರೀ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವನಿಗೆ ಮೈಯೆಲ್ಲ ಉರಿದುಹೋಯಿತು. ಏಕೆಂದರೆ ಆ ಮನೆಯಲ್ಲಿ ಮೇಲಿನ ಮನೆ ಡಾಕ್ಟರ ಹೆಸರು ಬಾರದ ದಿನವೇ ಇರಲಿಲ್ಲ.

ಡಾಕ್ಟರು ಎಂದರೆ ಹಲ್ಲಿನ ಡಾಕ್ಟರು. ಹಲ್ಲು ಕೀಳುವುದು ಅವರ ಕಸುಬು, ಟ್ರಯಥ್ಲಾನ್ ಅವರ ಹುಚ್ಚು. ಮೊದಲು ಕೆರೆಯಲ್ಲಿ ಈಜುವುದು, ಮೈ ಒರೆಸಿಕೊಳ್ಳದೆ ಸೈಕಲ್ ಹತ್ತುವುದು, ಸೈಕಲ್ ಇಳಿದ ತಕ್ಷಣ ನಾಯಿ ಅಟ್ಟಿಸಿಕೊಂಡು ಬಂದವರಂತೆ ಓಡುವುದು. ಅವರು ಒಮ್ಮೆಯೂ ಗೆದ್ದವರಲ್ಲ. ಆದರೆ ಓಟ ಮುಗಿಸಿದವರಿಗೆಲ್ಲ ಕೊಡುವ ಪದಕವನ್ನು ಕೊರಳಿಗೆ ಹಾಕಿಕೊಂಡು ಅವರು ಮೆಟ್ಟಿಲು ಹತ್ತಿದರೆ ಇಡೀ ಕಟ್ಟಡದ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಎಲ್ಲಕ್ಕಿಂತ ಮೊದಲು ತೆರೆದುಕೊಳ್ಳುತ್ತಿದ್ದದ್ದು ಕನ್ನಡಕದಂಗಡಿಯವನ ಮನೆಯದೇ.

ಒಂದೇ ಒಂದು ಸಲ ಈ ಮನುಷ್ಯನನ್ನು ಹಿಂದೆ ಹಾಕಬೇಕು, ಹೆಂಡತಿಯ ಬಾಯಲ್ಲಿ ಆ ಹೆಸರು ಇನ್ನು ಬರಕೂಡದು ಎಂದು ಅವನು ಅಂದೇ ಹಟ ತೊಟ್ಟ. ಅಂಗಡಿ ಬೇಗ ತೆಗೆಯಬೇಕು ಎಂದು ಸುಳ್ಳು ಹೇಳಿ ತಿಂಗಳುಗಟ್ಟಲೆ ಕದ್ದು ಈಜಿದ, ಕದ್ದು ಓಡಿದ. ಆ ವರ್ಷದ ಕೊನೆಯ ಟ್ರಯಥ್ಲಾನಿಗೆ ಹೆಸರು ಕೊಟ್ಟು, ಹಿಂದಿನ ದಿನ ಎದೆ ಉಬ್ಬಿಸಿಕೊಂಡು ಹೆಂಡತಿಗೆ ವಿಷಯ ತಿಳಿಸಿದ.

"ನೀವಾ?" ಎಂದಳು ಅವಳು. "ಸರಿ, ಹೇಗೂ ಹೋಗ್ತಿದ್ದೀರಲ್ಲ, ಡಾಕ್ಟ್ರ ಚೀಲ ಸ್ವಲ್ಪ ಹಿಡ್ಕೊಳ್ಳಿ. ಪಾಪ, ಅವರಿಗೆ ಕೈ ನೋಯಬಾರದು."

ಬೆಳಗ್ಗೆ ಕೆರೆಯ ದಡದಲ್ಲಿ ನೋಡಿದರೆ ಇಡೀ ಕಟ್ಟಡವೇ ಬಂದಿಳಿದಿತ್ತು. ಮುಂದಾಳತ್ವ ನಿವೃತ್ತ ಹೆಡ್‌ಮಾಸ್ಟರರದು. ಅವರ ಪಕ್ಕದಲ್ಲಿ ಬುಟ್ಟಿ ಹಿಡಿದ ನೆಲಮಹಡಿಯ ಆಂಟಿ. ಡಾಕ್ಟರ ಹೆಸರು ಹಿಡಿದು ಅವರೆಲ್ಲ ಕೂಗುವ ರಭಸಕ್ಕೆ ಕೆರೆಯ ಬಾತುಕೋಳಿಗಳು ಆಚೆ ದಡ ಸೇರಿದವು. ಕನ್ನಡಕದಂಗಡಿಯವನು ಡಾಕ್ಟರ ಚೀಲವನ್ನು ಕೆಳಗಿಟ್ಟು, ಹಲ್ಲು ಕಡಿದುಕೊಂಡು ನೀರಿಗೆ ಹಾರಿದ.

ನಂಬರಿರುವ ಈಜುಗನ್ನಡಕವನ್ನು ತಾನೇ ಕೂತು ಮಾಡಿಕೊಂಡಿದ್ದ. ಕೈ ನಾಲ್ಕು ಸಲ ಬೀಸುವಷ್ಟರಲ್ಲಿ ಯಾರದೋ ಹಿಮ್ಮಡಿ ಮುಖಕ್ಕೆ ಬಡಿದು ಅದು ಕೆರೆಯ ತಳ ಸೇರಿತು. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವವನಿಗೆ ಈಗ ತನ್ನ ಕೈಯೇ ಕಾಣದು. ಕಿತ್ತಳೆ ಬಣ್ಣದ ದೊಡ್ಡ ಚೆಂಡನ್ನು ಸುತ್ತಿಕೊಂಡು ವಾಪಸು ಬರಬೇಕು ಎಂದು ಹೇಳಿದ್ದರು. ದೂರದಲ್ಲಿ ಕಿತ್ತಳೆ ಬಣ್ಣ ಕಂಡಿತು, ಈಜಿದ. ಅದು ಪಕ್ಕಕ್ಕೆ ಸರಿಯಿತು. ಅವನೂ ಪಕ್ಕಕ್ಕೆ ತಿರುಗಿ ಈಜಿದ. ಅದು ಇನ್ನಷ್ಟು ದೂರ ಹೋಯಿತು. ಬಿಡದೆ ಬೆನ್ನಟ್ಟಿ ಕೊನೆಗೂ ಎರಡು ಕೈಗಳಿಂದ ತಬ್ಬಿ ಹಿಡಿದರೆ ಅದು ಮಾತಾಡಿತು.

"ಅಣ್ಣಾ, ಕೈ ಬಿಡಿ, ದೋಣಿ ಮಗುಚುತ್ತೆ! ನಾನು ಕಾವಲಿನವ್ನು, ಇದು ನನ್ನ ಜಾಕೆಟ್ಟು. ಚೆಂಡು ಆ ಕಡೆ ಇದೆ. ಆಗಿಂದ ನನ್ನ ಹಿಂದೇನೇ ಬರ್ತಿದ್ದೀರಲ್ಲ!"

ದಡ ಸೇರುವ ಹೊತ್ತಿಗೆ ಉಳಿದಿದ್ದದ್ದು ಒಂದೇ ಸೈಕಲ್. ಹಾಗಾಗಿ ತನ್ನದು ಯಾವುದೆಂದು ಹುಡುಕುವ ಕಷ್ಟ ತಪ್ಪಿತು. ಕನ್ನಡಕ ಏರಿಸಿಕೊಂಡು ಪೆಡಲ್ ತುಳಿಯುತ್ತ ರಸ್ತೆಗೆ ಬಂದರೆ ಎದುರಿಗೆ ಹೆಡ್‌ಮಾಸ್ಟರರು ಕೈ ಚಾಚಿ ನಿಂತಿದ್ದರು.

"ಪಕ್ಕಕ್ಕೆ, ಪಕ್ಕಕ್ಕೆ! ದಾರಿಗೆ ಅಡ್ಡ ಬರಬೇಡಿ. ಡಾಕ್ಟ್ರು ಈ ದಾರೀಲೇ ವಾಪಸ್ ಬರ್ತಾರೆ."

"ಸಾರ್, ನಾನೂ ಪಂದ್ಯದಲ್ಲೇ ಇದ್ದೀನಿ."

"ಇರಿ, ಯಾರು ಬೇಡ ಅಂದ್ರು? ಪಕ್ಕಕ್ಕೆ ಇರಿ."

ಸೈಕಲ್ ಮುಗಿದು ಓಟ ಶುರುವಾಯಿತು. ಉದ್ಯಾನದ ಸುತ್ತ ಹಲವು ಸುತ್ತು ಓಡಬೇಕು. ಪ್ರತಿ ಸುತ್ತಿನಲ್ಲೂ ಕಟ್ಟಡದವರು ನಿಂತಿದ್ದ ಮರ ಸಿಗುತ್ತಿತ್ತು. ಮುಂದೆ ಓಡುತ್ತಿದ್ದ ಡಾಕ್ಟರನ್ನು ಅಲ್ಲಿ ಪ್ರತಿ ಸಲವೂ ಹಿಡಿದು ನಿಲ್ಲಿಸುತ್ತಿದ್ದರು. ಒಂದು ಸುತ್ತಿಗೆ ಬಾಳೆಹಣ್ಣು, ಇನ್ನೊಂದಕ್ಕೆ ಬೇಯಿಸಿದ ಮೊಟ್ಟೆ, ಮತ್ತೊಂದಕ್ಕೆ ಲೋಟದ ತುಂಬ ಬಾದಾಮಿ ಹಾಲು.

"ಸಾಕು ಆಂಟಿ, ಓಡೋವಾಗ ತಿನ್ನಬಾರದು" ಎಂದು ಡಾಕ್ಟರು ಗೋಗರೆಯುವುದು ಹಿಂದೆ ಬರುತ್ತಿದ್ದವನಿಗೆ ಕೇಳಿಸಿತು.

"ನೀವು ಬಾಯಿ ತೆಗೀರಿ ಅಂದಾಗ ನಾವು ಸುಮ್ನೆ ತೆಗೀತೀವೋ ಇಲ್ವೋ? ಈಗ ನೀವು ತೆಗೀರಿ" ಎಂದು ಆಂಟಿ ಖರ್ಜೂರ ತುರುಕಿದರು.

ಕನ್ನಡಕದಂಗಡಿಯವನಿಗೆ ಆ ಮರ ಕಂಡಾಗಲೆಲ್ಲ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು. ಅವನಿಗೆ ಒಂದು ಖರ್ಜೂರದ ಬೀಜವೂ ಇಲ್ಲ. ಕೊನೆಗೆ ಮಾನ ಬಿಟ್ಟು, ಹೆಂಡತಿಯ ಕೈಯಲ್ಲಿದ್ದ ಬಾಟಲಿಯನ್ನು ತೋರಿಸಿ, "ಒಂದು ಗುಟುಕು ನೀರು ಕೊಡೇ" ಎಂದ.

"ಅಯ್ಯೋ, ಇದು ಡಾಕ್ಟ್ರಿಗೆ ಅಂತ ಇಟ್ಕೊಂಡಿರೋದು. ಮುಂದೆ ಎಲ್ಲರಿಗೂ ಕೊಡ್ತಾರಂತೆ, ಅಲ್ಲಿ ಕುಡೀರಿ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಸೋತು ಹೋಗಿದ್ದ ಕಾಲುಗಳಿಗೆ ಎಲ್ಲಿಲ್ಲದ ಶಕ್ತಿ ಬಂತು. ನೀರಿನ ಮೇಜನ್ನೂ ನೋಡದೆ ಓಡಿದ. ಕೊನೆಯ ಸುತ್ತಿನ ತಿರುವಿನಲ್ಲಿ ಕಲ್ಲುಬೆಂಚಿನ ಮೇಲೆ ಯಾರೋ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಿದ್ದರು. ನೋಡಿದರೆ ಡಾಕ್ಟರು!

"ಏನಾಯ್ತು ಡಾಕ್ಟ್ರೇ? ಯಾರನ್ನಾದ್ರೂ ಕರೀಲಾ?" ಎಂದು ಕೇಳಿದ. ಕೇಳಿದ್ದು ಮರ್ಯಾದೆಗೆ, ಕಾಲು ನಿಂತಿರಲಿಲ್ಲ.

"ಮೊಟ್ಟೆ..." ಎಂದು ಡಾಕ್ಟರು ನರಳಿದರು. "ಏನಿಲ್ಲ, ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ. ನೀವು ಹೋಗಿ. ನಿಲ್ಲಬೇಡಿ, ಹೋಗಿ!"

ಹೋದ. ಆ ಹೊತ್ತಿನ ಅವನ ಸಂತೋಷ ಹೇಳತೀರದು. ಮದುವೆಯ ದಿನ ಕೂಡ ಅವನು ಅಷ್ಟು ಹಿಗ್ಗಿರಲಿಲ್ಲ. ಅವನು ಗುರಿ ಮುಟ್ಟುವಾಗ ಕೆಲಸದವರು ಶಾಮಿಯಾನ ಬಿಚ್ಚುತ್ತಿದ್ದರು. ಆದರೇನು, ಕೊನೆಯವನು ಅವನಲ್ಲ! ಕೊನೆಯವರು ಬಹಳ ಹೊತ್ತಿನ ಮೇಲೆ ಹೊಟ್ಟೆ ನೀವಿಕೊಳ್ಳುತ್ತ ನಡೆದು ಬಂದರು, ಬಂದವರೇ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು.

"ನನ್ನ ಬದುಕಿಸಿದ್ರಿ ಮಾರಾಯ್ರೇ!" ಡಾಕ್ಟರ ಕಣ್ಣಲ್ಲಿ ನೀರಿತ್ತು. "ನಿಜ ಹೇಳ್ಲಾ? ನಮ್ಮನೇಲಿ ದಿನಾ ನಿಮ್ಮದೇ ಮಾತು. ಕೆಳಗಿನ ಮನೆಯವರು ಬಟ್ಟೆ ಒಣಗಿಸ್ತಾರೆ, ತರಕಾರಿ ಹೆಚ್ಚಿ ಕೊಡ್ತಾರೆ, ಸಂಜೆ ಮನೇಲೇ ಇರ್ತಾರೆ, ನೀವ್ಯಾಕೆ ಹಾಗಿಲ್ಲ ಅಂತ. ನಿಮ್ಮ ಹೆಸರು ಕೇಳಿದ್ರೆ ನಂಗೆ ಹೊಟ್ಟೆ ಉರೀತಿತ್ತು. ಆ ಮಾತು ಕೇಳಲಾರದೆ ದಿನಾ ಬೆಳಗ್ಗೆ ಮನೆ ಬಿಟ್ಟು ಓಡ್ತಿದ್ದೆ. ಈ ಕಟ್ಟಡದ ಮಾನ ಉಳಿಸೋಕೆ ಇನ್ನೊಬ್ರು ಸಿಕ್ಕಿದ ದಿನ ಈ ಓಟ ಬಿಟ್ಟುಬಿಡ್ತೀನಿ ಅಂತ ಹೆಂಡ್ತಿಗೆ ಮಾತು ಕೊಟ್ಟಿದ್ದೆ. ಇವತ್ತು ಸಿಕ್ಕಿದ್ರಿ. ಇನ್ನು ನಾನು ಮನೆ ಬಿಟ್ಟು ಅಲ್ಲಾಡಲ್ಲ."

ಕನ್ನಡಕದಂಗಡಿಯವನು ಮೋಡದ ಮೇಲೆ ತೇಲುತ್ತ ಮನೆಗೆ ಬಂದ. ಇಷ್ಟು ವರ್ಷ ತಾನು ಯಾರನ್ನು ನೋಡಿ ಕರುಬಿದ್ದನೋ ಅವರು ತನ್ನನ್ನೇ ನೋಡಿ ಕರುಬುತ್ತಿದ್ದರಂತೆ! ಸುಸ್ತಾಗಿ ಮಲಗಿದವನಿಗೆ ಎಚ್ಚರವಾದದ್ದು ಸಂಜೆ. ಕಾಲುಗಳು ಮರದ ಕೊರಡಿನಂತೆ ಸೆಟೆದಿದ್ದವು. ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಬಂದರೆ ಹೆಂಡತಿ ಕತ್ತೆತ್ತಿ ಮೇಲೆ ನೋಡುತ್ತ ನಿಂತಿದ್ದಳು. ಅಂಗಳದಲ್ಲಿ ಹೆಡ್‌ಮಾಸ್ಟರರು, ಆಂಟಿ, ಉಳಿದವರೆಲ್ಲ ಮೇಲೆಯೇ ನೋಡುತ್ತಿದ್ದರು. ಮೇಲಿನ ಬಾಲ್ಕನಿಯಲ್ಲಿ ಡಾಕ್ಟರು ಬಟ್ಟೆ ಒಣಗಿಸುತ್ತಿದ್ದರು.

"ಎಂಥಾ ಗಂಡಸು ನೋಡಿ" ಎಂದಳು ಹೆಂಡತಿ ಮೆಲ್ಲಗೆ. "ಪಂದ್ಯ, ಪದಕ ಎಲ್ಲಾ ಬಿಟ್ಟು ಹೆಂಡ್ತಿಗೋಸ್ಕರ ಮನೆ ಕೆಲಸ ಮಾಡ್ತಿದ್ದಾರೆ."

"ನಾನು ಮದುವೆಯಾದಾಗಿಂದ ಮಾಡ್ತಿದ್ದೀನಲ್ಲೇ!"

"ನಿಮಗೇನು ಬಿಡಿ, ಬೇರೆ ಕೆಲಸ ಇರಲಿಲ್ಲ. ಅವರು ಅಷ್ಟೊಂದನ್ನ ಬಿಟ್ಟುಕೊಟ್ಟು ಮಾಡ್ತಿರೋದು."

ಅವನು ತಡಬಡಿಸಿ ಒದ್ದೆ ಬಟ್ಟೆಯ ಬುಟ್ಟಿಗಾಗಿ ಸುತ್ತ ಹುಡುಕಿದ. ಬುಟ್ಟಿ ಇರಲಿಲ್ಲ.

"ಅದನ್ನ ಡಾಕ್ಟ್ರು ಆಗಲೇ ತಗೊಂಡು ಹೋದ್ರು" ಎಂದಳು ಅವಳು. "ನಿಮಗಿನ್ನು ಇದಕ್ಕೆಲ್ಲ ಪುರುಸೊತ್ತೆಲ್ಲಿ? ಮುಂದಿನ ವರ್ಷದ ಎಲ್ಲಾ ಪಂದ್ಯಕ್ಕೂ ಹೆಡ್‌ಮಾಸ್ಟರು ನಿಮ್ಮ ಹೆಸರೇ ಕೊಟ್ಟಿದ್ದಾರೆ. ನಾಳೆ ಬೆಳಗ್ಗೆ ನಿಮ್ಮನ್ನ ಓಡಿಸೋಕೆ ಬರ್ತಾರಂತೆ."

ಮೇಲೆ ಡಾಕ್ಟರು ಅವನ ಬನಿಯನ್ನನ್ನು ಚೆನ್ನಾಗಿ ಕೊಡವಿ, ಒಂದು ಸುಕ್ಕೂ ಇಲ್ಲದಂತೆ ಹಗ್ಗಕ್ಕೆ ಹಾಕಿ, ಎರಡು ಕಡೆ ಕ್ಲಿಪ್ಪು ಸಿಕ್ಕಿಸಿದರು. ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.